‘ಈಗ ಬೇಡ’ ಅಂದರೆ ಯಾವಾಗ? ರಕ್ತ ಕ್ಯಾನ್ಸರ್ ರೋಗಿ ಮತ್ತು ಲಸಿಕೆ

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಶುರುವಾಯಿತು. ಅದಾದ ಕೆಲವೇ ದಿನಗಳಲ್ಲಿ ಕೋವ್ಯಾಕ್ಸಿನ್ ತಯಾರಕರ ಮಾಹಿತಿ ಪತ್ರ ಹೊರಬಿತ್ತು. ರೋಗನಿರೋಧಕ ಶಕ್ತಿ ಕುಂದಿದವರು, ಆ ಶಕ್ತಿಯ ಮೇಲೆ ಪರಿಣಾಮ ಬೀರುವ ಔಷಧಿ ತೆಗೆದುಕೊಳ್ಳುತ್ತಿರುವವರು ಈ ಲಸಿಕೆ ಹಾಕಿಸಿಕೊಳ್ಳಬಾರದು ಎಂದು ಅದರಲ್ಲಿತ್ತು. ಒಂದೂವರೆ ತಿಂಗಳೂ ಕಳೆದಿರಲಿಲ್ಲ. ಮಾರ್ಚ್ 1ರಿಂದ 60 ದಾಟಿದವರ ಜೊತೆಗೆ, 45ರಿಂದ 59 ವರ್ಷದೊಳಗಿನ ಕಾಯಿಲೆಯವರಿಗೂ ಲಸಿಕೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಅರ್ಹವಾದ 20 ಕಾಯಿಲೆಗಳ ಪಟ್ಟಿಯಲ್ಲಿ ರಕ್ತ ಕ್ಯಾನ್ಸರ್‌ನ ಬಗೆಗಳಾದ ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಮೂರೂ ಇದ್ದವು. ವೈದ್ಯರ ಸರ್ಟಿಫಿಕೇಟ್ ತಂದರೆ ಸಾಕು, ಸರದಿ ಮುಂದಕ್ಕೆ. ರೋಗಿಯ ಕೈಗೆ ಹೀಗೆ ಎರಡು ಕಾಗದ ಬಂದವು. ಒಂದು ‘ನೀವು ದೂರ ಇರಿ’ ಅನ್ನುತ್ತಿತ್ತು, ಇನ್ನೊಂದು ‘ಮೊದಲು ನೀವೇ ಬನ್ನಿ’ ಅನ್ನುತ್ತಿತ್ತು.

ಲಸಿಕೆ ಬೇಡ ಅಂದವರನ್ನು ವಾಟ್ಸ್‌ಆ್ಯಪ್ ನಂಬಿ ಕೆಟ್ಟವರ ಸಾಲಿಗೆ ಸೇರಿಸುವುದು ನಮಗೆ ರೂಢಿಯಾಗಿದೆ. ರಕ್ತ ಕ್ಯಾನ್ಸರ್ ಇರುವವರ ವಿಷಯದಲ್ಲಿ ಆ ವಿವರಣೆ ಹೊಂದುವುದಿಲ್ಲ. ಮೂರು ವಾರಕ್ಕೊಮ್ಮೆ ಕೂದಲು ಉದುರಿಸುವ, ಬಾಯಿ ಹುಣ್ಣಾಗಿಸುವ ಔಷಧಿಯನ್ನು ವೈದ್ಯರ ಒಂದು ಮಾತಿನ ಮೇಲೆ ನರಕ್ಕೆ ಹತ್ತಿಸಿಕೊಳ್ಳುವವರು ಇವರು. ವೈದ್ಯಕೀಯದ ಮೇಲೆ ಇವರಿಗಿರುವಷ್ಟು ಭರವಸೆ ಆರೋಗ್ಯವಾಗಿರುವ ನಮಗೇ ಇರಲಿಕ್ಕಿಲ್ಲ. ಆದರೂ ಹಿಂಜರಿಕೆ ಉಂಟು. ಲ್ಯುಕೇಮಿಯಾ ಮತ್ತು ಲಿಂಫೋಮಾ ರೋಗಿಗಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದು ಅಲ್ಲಿ ಕೋವಿಡ್ ಲಸಿಕೆ ಬರುವ ಹೊತ್ತಿಗೆ 6,500ಕ್ಕೂ ಹೆಚ್ಚು ಮಂದಿಯನ್ನು ಕೇಳಿದಾಗ, ಸುಮಾರು ಮೂರರಲ್ಲಿ ಒಬ್ಬರು ‘ಹಾಕಿಸಿಕೊಳ್ಳುವುದು ಅನುಮಾನ’ ಅಥವಾ ‘ಇನ್ನೂ ತೀರ್ಮಾನಿಸಿಲ್ಲ’ ಅಂದರು. ಅಡ್ಡಪರಿಣಾಮದ ಭಯ, ಪ್ರಯೋಗಗಳು ಅವಸರದಲ್ಲಿ ಮುಗಿದವು ಎಂಬ ಅನುಮಾನ ಅವರ ಮುಖ್ಯ ಕಾರಣಗಳು. ಕಾಯಿಲೆಯ ದೃಷ್ಟಿಯಿಂದ ಲಸಿಕೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಲ್ಲೇ ಈ ಅನುಮಾನ. ಇದಕ್ಕೆ ತಳಹದಿ ಇದೆಯೇ? ಇದ್ದರೆ ಎಷ್ಟು?

ಮೊದಲು ಕಾಯಿಲೆಯ ಸ್ವರೂಪ ನೋಡಬೇಕು. ಲಸಿಕೆ ತಾನಾಗಿ ಯಾರನ್ನೂ ಕಾಯುವುದಿಲ್ಲ. ಅದು ರೋಗಾಣುವಿನ ಗುರುತನ್ನು ಮೈಗೆ ತೋರಿಸುತ್ತದೆ, ಅಷ್ಟೇ. ಗುರುತು ಹಿಡಿದು ಪ್ರತಿಕಾಯ ತಯಾರಿಸುವ ಕೆಲಸ ಬಿಳಿ ರಕ್ತಕಣಗಳದು, ಅದರಲ್ಲೂ ಬಿ ಕಣಗಳದು. ರಕ್ತ ಕ್ಯಾನ್ಸರ್‌ಗಳಲ್ಲಿ ಬಹಳಷ್ಟು ಹುಟ್ಟುವುದೇ ಈ ಕಣಗಳ ವಂಶದಲ್ಲಿ. ಚಿಕಿತ್ಸೆ ಗುರಿ ಇಡುವುದೂ ಅವುಗಳ ಮೇಲೆಯೇ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಈಗ ನಮ್ಮ ಜಿಲ್ಲಾ ಕೇಂದ್ರಗಳವರೆಗೂ ಬಂದಿರುವ ರಿಟುಕ್ಸಿಮ್ಯಾಬ್ ಲಿಂಫೋಮಾ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಅದು ಮಾಡುವ ಕೆಲಸ ಬಿ ಕಣಗಳನ್ನು ಗುಡಿಸಿ ಹಾಕುವುದು. ಕೆಟ್ಟವುಗಳ ಜೊತೆ ಒಳ್ಳೆಯವೂ ಹೋಗುತ್ತವೆ. ಅವು ಮತ್ತೆ ಬೆಳೆಯಲು ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕಾಗುತ್ತದೆ. ಆ ಅವಧಿಯಲ್ಲಿ ಹಾಕಿದ ಲಸಿಕೆಯನ್ನು ಗುರುತು ಹಿಡಿಯುವವರು ಯಾರು?

ಹಿಂಜರಿಯುವವರ ಮೊದಲ ವಾದ ನಿಂತಿರುವುದು ಇಲ್ಲೇ: ‘ಹಾಕಿಸಿಕೊಂಡರೂ ನನಗೆ ಹತ್ತುವುದಿಲ್ಲ’. ಇದನ್ನು ತಳ್ಳಿಹಾಕುವಂತಿಲ್ಲ. ಇಸ್ರೇಲಿನ ವೈದ್ಯರು 2021ರಲ್ಲಿ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಇರುವ 167 ಮಂದಿಯನ್ನು ಫೈಜರ್ ಲಸಿಕೆಯ ಎರಡೂ ಡೋಸ್ ಆದ ಮೇಲೆ ಪರೀಕ್ಷಿಸಿದರು. ಪ್ರತಿಕಾಯ ಕಂಡದ್ದು ಶೇ 39.5ರಷ್ಟು ಮಂದಿಯಲ್ಲಿ. ಆಗ ಚಿಕಿತ್ಸೆ ಪಡೆಯುತ್ತಿದ್ದವರನ್ನಷ್ಟೇ ತೆಗೆದುಕೊಂಡರೆ ಶೇ 16. ಹಿಂದಿನ ಒಂದು ವರ್ಷದೊಳಗೆ ರಿಟುಕ್ಸಿಮ್ಯಾಬ್ ಜಾತಿಯ ಔಷಧಿ ಪಡೆದವರಲ್ಲಿ ಒಬ್ಬರಿಗೂ ಪ್ರತಿಕಾಯ ಬಂದಿರಲಿಲ್ಲ. ಹೋಲಿಕೆಗೆಂದು ಆರಿಸಿಕೊಂಡಿದ್ದ, ಅದೇ ವಯೋಮಾನದ ಆರೋಗ್ಯವಂತರಲ್ಲಿ ಎಲ್ಲರಿಗೂ ಬಂದಿತ್ತು. ‘ನನ್ನ ಮೈ ಇದನ್ನು ತೆಗೆದುಕೊಳ್ಳುವುದಿಲ್ಲ’ ಎಂದು ಅಂಥ ರೋಗಿ ಹೇಳಿದರೆ ಅದು ಮೂಢನಂಬಿಕೆಯಲ್ಲ, ಲ್ಯಾಬಿನ ವರದಿ.

ಎರಡನೆಯ ವಾದ ಜ್ವರದ್ದು. ಲಸಿಕೆ ಹಾಕಿಸಿಕೊಂಡ ರಾತ್ರಿ ಮೈ ಬಿಸಿಯಾಗುವುದು ನಮಗೆ ಮಾಮೂಲು. ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತೇವೆ. ಕೀಮೋ ನಡೆಯುತ್ತಿರುವವರ ಕಥೆ ಬೇರೆ. ‘100.4 ದಾಟಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ’ ಎಂದು ಡಿಸ್ಚಾರ್ಜ್ ಮಾಡುವಾಗಲೇ ಅವರಿಗೆ ಹೇಳಿ ಕಳಿಸಿರುತ್ತಾರೆ. ಬಿಳಿ ರಕ್ತಕಣಗಳ ಕೌಂಟ್ ಬಿದ್ದಿರುವಾಗ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ನಂಜಾಗಿ ಹಬ್ಬಬಹುದು. ಅದು ಲಸಿಕೆಯ ಜ್ವರವೋ ಸೋಂಕಿನ ಜ್ವರವೋ ಎಂದು ಮುಟ್ಟಿ ಹೇಳಲಾಗದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೀಮೋ ಮುಗಿಸಿ ರಾಯಚೂರಿನ ಕಡೆಯ ಊರಿಗೆ ಮರಳಿದವರಿಗೆ ಆ ಒಂದು ರಾತ್ರಿಯ ಬಿಸಿ ಎಂದರೆ ಬಾಡಿಗೆ ಕಾರು, ಅಡ್ಮಿಷನ್, ಆ್ಯಂಟಿಬಯೋಟಿಕ್ ಡ್ರಿಪ್, ಜೊತೆಗೆ ಬಂದವರ ಕೂಲಿ ನಷ್ಟ. ಮುಂದಿನ ಕೀಮೋ ಸೈಕಲ್ ಒಂದು ವಾರ ಹಿಂದಕ್ಕೂ ಹೋಗಬಹುದು. ಲಸಿಕೆಯ ಅಡ್ಡಪರಿಣಾಮ ‘ಅಲ್ಪ’ ಎಂದು ಕರಪತ್ರದಲ್ಲಿ ಬರೆದವರ ಲೆಕ್ಕಕ್ಕೆ ಈ ಖರ್ಚು ಸೇರಿರುವುದಿಲ್ಲ.

ಮೂರನೆಯದು ಗಂಟಿನ ಭಯ. ಸೂಜಿ ಚುಚ್ಚಿದ ಕಡೆಯ ಕಂಕುಳಲ್ಲಿ ದುಗ್ಧಗ್ರಂಥಿ ಊದುವುದು ಲಸಿಕೆಯ ಸಹಜ ಪ್ರತಿಕ್ರಿಯೆ, ಕೋವಿಡ್ ಲಸಿಕೆಗಳಲ್ಲಿ ಅದು ಎದ್ದು ಕಂಡಿತು. ಕುತ್ತಿಗೆಯಲ್ಲೋ ಕಂಕುಳಲ್ಲೋ ಸಿಕ್ಕ ಗಂಟಿನಿಂದಲೇ ಲಿಂಫೋಮಾ ಪತ್ತೆಯಾದವರಿಗೆ ಸ್ನಾನ ಮಾಡುವಾಗ ಅದೇ ಜಾಗದಲ್ಲಿ ಮತ್ತೊಂದು ಗಂಟು ಕೈಗೆ ತಗುಲಿದರೆ ಎದೆ ಧಸಕ್ ಅನ್ನದೆ ಇರುತ್ತದೆಯೇ? ಪೆಟ್ ಸ್ಕ್ಯಾನ್‌ನಲ್ಲೂ ಆ ಗಂಟು ಹೊಳೆಯುತ್ತದೆ. ತುರ್ತಿಲ್ಲದಿದ್ದರೆ ಸ್ಕ್ಯಾನನ್ನು ಲಸಿಕೆಗೆ ಮೊದಲೇ ಮಾಡಿಸಿ, ಇಲ್ಲವೇ ಲಸಿಕೆಯಾಗಿ ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸಿ ಎಂದು ವೈದ್ಯರು ಹೇಳತೊಡಗಿದ್ದು ಇದೇ ಗೊಂದಲದಿಂದ.

ನಾಲ್ಕನೆಯ ವಾದ ಎಲ್ಲಕ್ಕಿಂತ ಗಟ್ಟಿ. ಕೆಲವು ಲಸಿಕೆಗಳು ಇವರಿಗೆ ನಿಜಕ್ಕೂ ಅಪಾಯ. ದಡಾರ-ರುಬೆಲ್ಲಾ, ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್, ಬಿಸಿಜಿ, ಹಳದಿ ಜ್ವರ, ಬಾಯಿಗೆ ಹಾಕುವ ಪೋಲಿಯೊ ಹನಿ ಇವುಗಳಲ್ಲಿ ಬಲ ಕುಗ್ಗಿಸಿದ, ಆದರೆ ಜೀವಂತ ರೋಗಾಣು ಇರುತ್ತದೆ. ತಡೆಯುವ ಶಕ್ತಿ ಇಲ್ಲದ ಮೈಯಲ್ಲಿ ಅದು ಬೆಳೆದು ಕಾಯಿಲೆಯನ್ನೇ ತರಬಹುದು. ಚಿಕನ್‌ಪಾಕ್ಸ್ ಲಸಿಕೆಯ ಇತಿಹಾಸ ಇದಕ್ಕೆ ಸಾಕ್ಷಿ. ಜಪಾನಿನ ಮಿಚಿಯಾಕಿ ತಕಾಹಾಶಿ 1970ರ ದಶಕದಲ್ಲಿ ಆ ಲಸಿಕೆಯನ್ನು ರೂಪಿಸಿದಾಗ, ಅದು ತೀರಾ ಬೇಕಾಗಿದ್ದುದು ಲ್ಯುಕೇಮಿಯಾ ಇದ್ದ ಮಕ್ಕಳಿಗೆ, ಏಕೆಂದರೆ ಚಿಕನ್‌ಪಾಕ್ಸ್ ಅವರಲ್ಲಿ ಜೀವ ತೆಗೆಯುತ್ತಿತ್ತು. ಅಮೆರಿಕದಲ್ಲಿ ಕಾಯಿಲೆ ಹತೋಟಿಗೆ ಬಂದಿದ್ದ ಲ್ಯುಕೇಮಿಯಾ ಮಕ್ಕಳಿಗೆ ಅದನ್ನು ಕೊಟ್ಟು ನೋಡಿದರು. ಬಹುಪಾಲು ಮಕ್ಕಳಿಗೆ ರಕ್ಷಣೆ ಸಿಕ್ಕಿತು. ಕೀಮೋ ಮುಂದುವರಿದಿದ್ದ ಅನೇಕರಿಗೆ ಲಸಿಕೆಯ ವೈರಾಣುವಿನಿಂದಲೇ ಮೈಮೇಲೆ ಗುಳ್ಳೆ ಎದ್ದವು, ಕೆಲವರಿಗೆ ವೈರಾಣು ಅಡಗಿಸುವ ಔಷಧಿ ಕೊಡಬೇಕಾಯಿತು. 1995ರಲ್ಲಿ ಅಲ್ಲಿ ಆ ಲಸಿಕೆಗೆ ಪರವಾನಗಿ ಸಿಕ್ಕಿದ್ದು ಆರೋಗ್ಯವಂತ ಮಕ್ಕಳಿಗಾಗಿ. ಕೀಮೋ ನಡೆಯುವಾಗ ಜೀವಂತ ಲಸಿಕೆ ಬೇಡ ಎಂಬುದು ಇಂದಿನ ನಿಯಮ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಯಾವ ಲಸಿಕೆಯ ಗೊಡವೆಯೂ ಬೇಡ’ ಅನ್ನಿಸುವುದು ಸಹಜ. ಇನ್ನೊಂದು ಬದಿಯವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಬೇಕು.

ಅವರು ಮೊದಲು ತೋರಿಸುವುದು ಸೋಂಕಿನ ಭಾರವನ್ನು. ಸ್ವೀಡನ್‌ನಲ್ಲಿ 9,253 ಮೈಲೋಮಾ ರೋಗಿಗಳ ದಾಖಲೆ ನೋಡಿದಾಗ, ಅವರಿಗೆ ಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಕೋವಿಡ್‌ನ ಮೊದಲ ವರ್ಷ, ಲಸಿಕೆ ಇನ್ನೂ ಬರುವ ಮುನ್ನ, ಹಲವು ದೇಶಗಳ 3,377 ರಕ್ತ ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಬಹುಪಾಲು ಆಸ್ಪತ್ರೆ ಸೇರಿದವರೇ ಆಗಿದ್ದ ಆ ಗುಂಪಿನ ವಯಸ್ಕರಲ್ಲಿ ಶೇ 34 ಮಂದಿ ತೀರಿಕೊಂಡಿದ್ದರು. ಕ್ಯಾನ್ಸರ್ ಗೆದ್ದು ನ್ಯುಮೋನಿಯಾಕ್ಕೆ ಸೋತ ಕಥೆ ಯಾವ ರಕ್ತರೋಗ ವಾರ್ಡಿಗೂ ಹೊಸದಲ್ಲ. ಲಸಿಕೆ ತರಬಹುದಾದ ಒಂದು ರಾತ್ರಿಯ ಜ್ವರವನ್ನು ತೂಗಬೇಕಾದದ್ದು ಇದರ ಎದುರಿಗೆ.

ಇಸ್ರೇಲಿನ ಅದೇ ಅಂಕಿಗಳನ್ನು ಅವರು ಮತ್ತೊಂದು ತುದಿಯಿಂದ ಓದುತ್ತಾರೆ. ಚಿಕಿತ್ಸೆ ಮುಗಿದು ಕಾಯಿಲೆ ಹತೋಟಿಯಲ್ಲಿದ್ದವರಲ್ಲಿ ಶೇ 79 ಮಂದಿಗೆ, ಚಿಕಿತ್ಸೆ ಇನ್ನೂ ಶುರುವಾಗದಿದ್ದವರಲ್ಲಿ ಶೇ 55 ಮಂದಿಗೆ ಪ್ರತಿಕಾಯ ಬಂದಿತ್ತು. ಹಾಗಾಗಿ ‘ರಕ್ತ ಕ್ಯಾನ್ಸರ್‌ನವರಿಗೆ ಲಸಿಕೆ ಹತ್ತುವುದಿಲ್ಲ’ ಎಂಬ ಒಟ್ಟಾರೆ ಮಾತು ತಪ್ಪು. ಯಾವ ಹಂತದಲ್ಲಿ ಹಾಕಿದರು ಎಂಬುದರ ಮೇಲೆ ಫಲ ನಿಂತಿದೆ. ಮೇಲಾಗಿ ಪ್ರತಿಕಾಯವೊಂದೇ ಕಾವಲು ಅಲ್ಲ. ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕಣಗಳೂ ಇವೆ. ರಿಟುಕ್ಸಿಮ್ಯಾಬ್ ಅವುಗಳ ತಂಟೆಗೆ ನೇರವಾಗಿ ಹೋಗುವುದಿಲ್ಲ. ರಕ್ತ ಕ್ಯಾನ್ಸರ್ ಇದ್ದು ಕೋವಿಡ್ ಬಂದವರಲ್ಲಿ ಟಿ ಕಣಗಳು ಚೆನ್ನಾಗಿದ್ದವರು ಬದುಕುಳಿದದ್ದು ಹೆಚ್ಚು ಎಂದು ಪೆನ್ಸಿಲ್ವೇನಿಯಾದ ಸಂಶೋಧಕರು 2021ರಲ್ಲಿ ತೋರಿಸಿದರು, ಬಿ ಕಣ ಇಲ್ಲದವರಲ್ಲೂ ಕೂಡ. ಪ್ರತಿಕಾಯ ಪರೀಕ್ಷೆ ‘ನೆಗೆಟಿವ್’ ಬಂತೆಂದು ಲಸಿಕೆ ವ್ಯರ್ಥವಾಯಿತು ಅನ್ನುವಂತಿಲ್ಲ.

ಇನ್ನು ಸರ್ಪಸುತ್ತಿನ ಲಸಿಕೆ. ಒಮ್ಮೆ ಬಂದರೆ ತಿಂಗಳುಗಟ್ಟಲೆ ಉರಿ ಉಳಿಸಿಹೋಗುವ ಸರ್ಪಸುತ್ತು ರಕ್ತ ಕ್ಯಾನ್ಸರ್ ರೋಗಿಗಳನ್ನು ಹುಡುಕಿಕೊಂಡು ಬರುತ್ತದೆ. ಅದಕ್ಕಿದ್ದ ಹಳೆಯ ಲಸಿಕೆ ಜೀವಂತವಾದದ್ದು, ಆದ್ದರಿಂದ ಇವರಿಗೆ ನಿಷಿದ್ಧ. ಹೊಸದಾದ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಾಣು ಇಲ್ಲ. ಅದನ್ನು ರಕ್ತ ಕ್ಯಾನ್ಸರ್ ಇರುವ 562 ಮಂದಿಯಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ರಕ್ಷಣೆ ಶೇ 87ರಷ್ಟು ಕಂಡಿತು. ತಮ್ಮದೇ ಅಸ್ಥಿಮಜ್ಜೆಯ ಕಣಗಳಿಂದ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡ 1,846 ಮಂದಿಯಲ್ಲಿ ಶೇ 68. ಕ್ಯಾನ್ಸರ್ ರೋಗಿಗಳನ್ನು ಪ್ರಯೋಗದಿಂದ ಹೊರಗಿಡುತ್ತಾರೆ ಎಂಬ ದೂರಿಗೆ ಇದು ಒಳ್ಳೆಯ ಉತ್ತರ. ಅವರನ್ನೇ ಸೇರಿಸಿಕೊಂಡು ಪ್ರಯೋಗ ಮಾಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ. 2023ರಲ್ಲಿ ಆ ಲಸಿಕೆ ಭಾರತಕ್ಕೂ ಬಂತು. ಎರಡು ಡೋಸ್ ಬೇಕು, ಬೆಲೆ ಸಾವಿರಗಳಲ್ಲಿದೆ, ಸರ್ಕಾರಿ ಕಾರ್ಯಕ್ರಮದಲ್ಲಿಲ್ಲ. ಕೀಮೋಗೆ ಒಡವೆ ಅಡವಿಟ್ಟ ಮನೆಯವರು ‘ಆಮೇಲೆ ನೋಡೋಣ’ ಅಂದರೆ ಅದನ್ನು ಲಸಿಕೆ ವಿರೋಧ ಎಂದು ಕರೆಯಲಾಗದು.

ಲಸಿಕೆಯ ಬದಲು ಬೇರೆ ದಾರಿ ಇಲ್ಲವೇ ಎಂದು ಕೇಳುವವರೂ ಇದ್ದಾರೆ. ಒಂದು ದಾರಿ ಇತ್ತು. ಮೈ ತಾನೇ ಪ್ರತಿಕಾಯ ಮಾಡಲಾರದಿದ್ದರೆ ಕೋವಿಡ್ ವಿರುದ್ಧ ಸಿದ್ಧ ಪ್ರತಿಕಾಯವನ್ನೇ ಚುಚ್ಚುವ ಇವುಶೆಲ್ಡ್ ಎಂಬ ಔಷಧಿಗೆ 2021ರ ಡಿಸೆಂಬರ್‌ನಲ್ಲಿ ಅಮೆರಿಕ ತುರ್ತು ಅನುಮತಿ ಕೊಟ್ಟಿತು. ವೈರಾಣು ರೂಪ ಬದಲಿಸುತ್ತ ಹೋಯಿತು. 2023ರ ಜನವರಿಯಲ್ಲಿ ಆ ಅನುಮತಿಯನ್ನು ತಡೆಹಿಡಿಯಬೇಕಾಯಿತು. ಆ ಎರವಲು ಪ್ರತಿಕಾಯದ ಆಯಸ್ಸು ಅಷ್ಟೇ ಆಯಿತು.

ಲಸಿಕೆಯಿಂದ ಕ್ಯಾನ್ಸರ್ ಮರಳುತ್ತದೆ ಎಂಬ ಮಾತು ಕಾಯುವ ಹಾಲಿನ ಬೆಂಚುಗಳ ಮೇಲೆ ಆಗಾಗ ಕೇಳಿಬರುತ್ತದೆ. ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್-ಬಿ ಮುಂತಾದ ಜೀವವಿಲ್ಲದ ಲಸಿಕೆಗಳನ್ನು ದಶಕಗಳಿಂದ ಈ ರೋಗಿಗಳಿಗೆ ಕೊಡುತ್ತ ಬಂದಿದ್ದಾರೆ. ಅವುಗಳಿಂದ ಕಾಯಿಲೆ ಮರುಕಳಿಸುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಸ್ನಾಯುವಿನೊಳಗೆ ರಕ್ತ ಕಟ್ಟುವ ಭಯಕ್ಕೂ ಪರಿಹಾರ ಸರಳ: ಕೌಂಟ್ ನೋಡಿಕೊಂಡು, ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯುವುದು.

ಎರಡೂ ಕಡೆಯ ಮಾತು ಕೇಳಿದ ಮೇಲೆ ಒಂದು ವಿಷಯ ಕಾಣುತ್ತದೆ. ಹಿಂಜರಿಯುವವರ ವಾದಗಳಲ್ಲಿ ಹೆಚ್ಚಿನವು ನಿಜ, ಆದರೆ ಅವು ‘ಯಾವುದೂ ಬೇಡ’ ಎಂಬಲ್ಲಿಗೆ ಒಯ್ಯುವುದಿಲ್ಲ. ‘ಯಾವುದು, ಯಾವಾಗ’ ಎಂಬಲ್ಲಿಗೆ ತಂದು ನಿಲ್ಲಿಸುತ್ತವೆ. ಜೀವಂತ ಲಸಿಕೆಯ ಅಪಾಯ ಜೀವವಿಲ್ಲದ ಲಸಿಕೆಗೆ ಅನ್ವಯಿಸುವುದಿಲ್ಲ. ಗಂಟಿನ ಗೊಂದಲ ಸ್ಕ್ಯಾನ್ ತಾರೀಕು ಹೊಂದಿಸಿದರೆ ಬಗೆಹರಿಯುತ್ತದೆ. ಜ್ವರದ ಸಮಸ್ಯೆ ಕೌಂಟ್ ತೀರಾ ಬೀಳುವ ದಿನಗಳನ್ನು ತಪ್ಪಿಸಿದರೆ ಹಗುರಾಗುತ್ತದೆ. ಸಾಧ್ಯವಾದರೆ ಚಿಕಿತ್ಸೆ ಶುರುವಾಗುವ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ, ಆದರೆ ಲಸಿಕೆಗಾಗಿ ತುರ್ತು ಚಿಕಿತ್ಸೆಯನ್ನು ಮುಂದೂಡಬೇಡಿ ಎಂದು ಮಾರ್ಗಸೂಚಿಗಳು ಹೇಳುವುದು ಇದೇ ಜಾಣ್ಮೆಯನ್ನು.

ಬಗೆಹರಿಯದೆ ಉಳಿಯುವುದು ಮೊದಲ ವಾದ, ರಿಟುಕ್ಸಿಮ್ಯಾಬ್ ಪಡೆಯುವವರದು. ಕೊನೆಯ ಡೋಸ್ ಆಗಿ ಆರು ತಿಂಗಳು ಕಾಯಿರಿ ಅನ್ನುತ್ತದೆ ಸಾಮಾನ್ಯ ನಿಯಮ. ನಿಧಾನಗತಿಯ ಕೆಲವು ಲಿಂಫೋಮಾಗಳಲ್ಲಿ ಅದನ್ನು ಎರಡು ತಿಂಗಳಿಗೊಮ್ಮೆ ಎರಡು ವರ್ಷ ಕೊಡುತ್ತಾರೆ. ಅವರಿಗೆ ಆ ಆರು ತಿಂಗಳ ಬಿಡುವು ಬರುವುದೇ ಇಲ್ಲ. ಇಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ ಸಾಧ್ಯ. ಕಾದು ಹಾಕಿದರೆ ಫಲ ಹೆಚ್ಚು, ಕಾಯುವಾಗ ಸೋಂಕು ಬಂದರೆ ಆ ಹೆಚ್ಚಿನ ಫಲ ಯಾರಿಗೆ? ಫ್ಲೂ ಹಬ್ಬಿರುವಾಗ, ಸಾಂಕ್ರಾಮಿಕದ ಅಲೆ ಎದ್ದಿರುವಾಗ ಟಿ ಕಣಗಳ ಅಷ್ಟಿಷ್ಟು ನೆರವನ್ನಾದರೂ ಪಡೆಯುವುದು ಮೇಲು. ಅವಸರವಿಲ್ಲದ ಲಸಿಕೆಗಳಿಗೆ ಕಾಯಬಹುದು. ನನಗೆ ಇದು ಸರಿ ಎನಿಸುತ್ತದೆ, ಒಂದು ಷರತ್ತಿನೊಂದಿಗೆ: ಲಸಿಕೆ ಆಯಿತೆಂದು ಮಾಸ್ಕ್ ಕಿತ್ತೊಗೆದು ಮದುವೆ ಮನೆಗೆ ನುಗ್ಗಿದರೆ ಅರ್ಧ ರಕ್ಷಣೆಯೇ ಪೂರ್ತಿ ಅಪಾಯವಾದೀತು.

ರೋಗಿಯ ಮೈ ಒಪ್ಪದಿದ್ದಾಗ ಕಾವಲು ಮನೆಯವರ ಮೈಗೆ ಬರುತ್ತದೆ. ಗಂಡ, ಹೆಂಡತಿ, ಮಕ್ಕಳು, ಆರೈಕೆ ಮಾಡುವ ಅತ್ತೆ ಎಲ್ಲರೂ ಫ್ಲೂ ಮತ್ತು ಕೋವಿಡ್ ಲಸಿಕೆ ಹಾಕಿಸಿಕೊಂಡರೆ ರೋಗಾಣು ಹೊಸ್ತಿಲು ದಾಟುವುದು ಕಷ್ಟ. ಇಲ್ಲೂ ಒಂದು ಸೂಕ್ಷ್ಮವಿದೆ. ಧಾರವಾಡದ ಕಡೆಯ ಒಂದು ಮನೆ ಎಂದುಕೊಳ್ಳಿ. ಪಲ್ಸ್ ಪೋಲಿಯೊ ಭಾನುವಾರ ಕಳೆದು ಆಶಾ ಕಾರ್ಯಕರ್ತೆ ಮನೆಮನೆ ಸುತ್ತುತ್ತಿದ್ದಾಳೆ.

‘ಯಕ್ಕಾ, ಸಣ್ಣಾಂವಗ ಎರಡು ಹನಿ ಹಾಕಸ್ರಿ.’

‘ಬ್ಯಾಡವಾ. ದೊಡ್ಡಾಂವಗ ಕೀಮೋ ನಡದೈತಿ, ಇಬ್ಬರೂ ಒಂದ ಹಾಸಿಗ್ಯಾಗ ಮಲಗ್ತಾರ. ಹನಿ ಹಾಕಬ್ಯಾಡ್ರಿ ಅಂದಾರ ಡಾಕ್ಟರ್.’

ತಾಯಿಯದು ಸರಿ. ಹನಿಯಲ್ಲಿರುವ ಜೀವಂತ ವೈರಾಣು ತಮ್ಮನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ, ಅಣ್ಣನಿಗೆ ತಗುಲಬಹುದು. ಅಂಥ ಮನೆಯ ಮಗುವಿಗೆ ಹನಿಯ ಬದಲು ಪೋಲಿಯೊ ಚುಚ್ಚುಮದ್ದು ಕೊಡಬೇಕು. ಆದರೆ ಅಭಿಯಾನದ ಲೆಕ್ಕದಲ್ಲಿ, ಮಗುವಿಗೆ ಹನಿ ಬೀಳದ ಆ ಮನೆಯ ಗೋಡೆಗೆ ಸೀಮೆಸುಣ್ಣದ ಎಕ್ಸ್ ಗುರುತು ಬೀಳುತ್ತದೆ, ಬೇರೆ ಕಾರಣಕ್ಕೆ ಬಾಗಿಲು ಹಾಕಿಕೊಂಡವರ ಮನೆಗೆ ಬೀಳುವಂತೆಯೇ. ಆಶಾಳ ತಪ್ಪೂ ಇಲ್ಲ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ಒಂದೂ ಕಾಣದಿರಲು ಒಂದು ಮನೆಯನ್ನೂ ಬಿಡದ ಆ ಹಟವೇ ಕಾರಣ.

ಅದೇ ತಾಯಿ ‘ಹನಿ ಬೇಡ ಅಂದಮೇಲೆ ದಡಾರದ್ದೂ ಬೇಡ’ ಎಂದುಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ. ದಡಾರ-ರುಬೆಲ್ಲಾ ಲಸಿಕೆ ಜೀವಂತವಾದರೂ ಹಾಕಿಸಿಕೊಂಡ ಮಗುವಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ತಾನು ಹಾಕಿಸಿಕೊಳ್ಳಲಾಗದ ಅಣ್ಣನಿಗೆ ತಮ್ಮನ ಲಸಿಕೆಯೇ ಗೋಡೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ಆ ಲಸಿಕೆಯ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್ ವದಂತಿಗೆ ಹೆದರಿ ಹಲವು ಪಾಲಕರು ಹಿಂದೆ ಸರಿದಿದ್ದರು. ಆರೋಗ್ಯವಂತ ಮಕ್ಕಳ ಪಾಲಕರ ಆ ಹಿಂಜರಿಕೆಗೂ ಕೀಮೋದಲ್ಲಿರುವ ಮಗುವಿನ ತಾಯಿಯ ಹಿಂಜರಿಕೆಗೂ ಅಜಗಜಾಂತರ. ಮೊದಲನೆಯದರ ಬೆಲೆ ತೆರುವುದು ಎರಡನೆಯ ಮನೆಯ ಮಗು.

ಸರ್ಕಾರದ ಪಾಲನ್ನೂ ತೂಗಬೇಕು. 2021ರ ಮಾರ್ಚ್ ಪಟ್ಟಿ ರಕ್ತ ಕ್ಯಾನ್ಸರ್‌ ಅನ್ನು ಗುರುತಿಸಿತು, ಅದು ಮೆಚ್ಚಬೇಕಾದ್ದೇ. ಆದರೆ 45ರ ಕೆಳಗಿನ ರೋಗಿ ಮೇ 1ರವರೆಗೆ ಕಾಯಬೇಕಾಯಿತು, ಅಷ್ಟರಲ್ಲಿ ಎರಡನೇ ಅಲೆ ತಲೆಯ ಮೇಲಿತ್ತು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಎರಡು ಡೋಸ್ ಸಾಲದು ಎಂದು ಅಮೆರಿಕ ಆ ವರ್ಷದ ಆಗಸ್ಟ್‌ನಲ್ಲಿ, ಬ್ರಿಟನ್ ಸೆಪ್ಟೆಂಬರ್‌ನಲ್ಲಿ ಮೂರನೆಯದಕ್ಕೆ ಹಾದಿ ತೆರೆದವು. ನಮ್ಮಲ್ಲಿ 2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಶುರುವಾದಾಗ ಆರೋಗ್ಯ ಮತ್ತು ಮುಂಚೂಣಿ ಕಾರ್ಯಕರ್ತರನ್ನು ಬಿಟ್ಟರೆ ಅದು ಸಿಕ್ಕಿದ್ದು 60 ದಾಟಿದ ಕಾಯಿಲೆಯವರಿಗೆ. 140 ಕೋಟಿ ಜನರ ದೇಶದಲ್ಲಿ ಮೊದಲು ಎಲ್ಲರಿಗೂ ಎರಡು ಡೋಸ್ ತಲುಪಲಿ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೂ ಸಂಖ್ಯೆಯಲ್ಲಿ ಸಣ್ಣದಾದ, ಅಪಾಯದಲ್ಲಿ ದೊಡ್ಡದಾದ ಈ ಗುಂಪಿಗೆ ಒಂದು ಪಕ್ಕದ ಬಾಗಿಲು ತೆರೆಯುವುದು ದುಸ್ಸಾಧ್ಯವಾಗಿರಲಿಲ್ಲ.

ಕೊನೆಗೆ ಈ ತೀರ್ಮಾನ ಆಗಬೇಕಾದ ಜಾಗ ರಕ್ತರೋಗ ತಜ್ಞರ ಕೊಠಡಿ. ಅಲ್ಲಿನ ಕಷ್ಟ ಗೊತ್ತಿರುವುದೇ: ಹೊರಗೆ ಉದ್ದದ ಸಾಲು, ಒಳಗೆ ಒಬ್ಬರಿಗೆ ಕೆಲವೇ ನಿಮಿಷ, ಆ ನಿಮಿಷಗಳೂ ಕೌಂಟ್, ಸ್ಕ್ಯಾನ್, ಮುಂದಿನ ಸೈಕಲ್ ಎಂದು ಮುಗಿಯುತ್ತವೆ. ರೋಗಿ ಬಾಗಿಲ ಹತ್ತಿರ ತಿರುಗಿ ನಿಂತು ‘ಸರ್, ಲಸಿಕೆ?’ ಎಂದು ಕೇಳಿದರೆ ಸಿಗುವ ಉತ್ತರ ‘ಈಗ ಬೇಡ’. ಆ ದಿನದ ಮಟ್ಟಿಗೆ ಅದು ಸರಿಯಾದ ಉತ್ತರವೇ ಇರಬಹುದು. ಊರಿಗೆ ಹೋಗುವಷ್ಟರಲ್ಲಿ ಅದು ‘ಡಾಕ್ಟರೇ ಬೇಡ ಅಂದಿದ್ದಾರೆ’ ಆಗುತ್ತದೆ, ವರ್ಷ ಕಳೆದರೆ ‘ನಮ್ಮಂಥವರಿಗೆ ಲಸಿಕೆ ಆಗುವುದಿಲ್ಲ’ ಆಗುತ್ತದೆ. ಅಷ್ಟರಲ್ಲಿ ಚಿಕಿತ್ಸೆ ಮುಗಿದು, ಬಿ ಕಣಗಳು ಮರಳಿ, ಲಸಿಕೆ ಚೆನ್ನಾಗಿ ಹತ್ತುವ ಕಾಲ ಬಂದಿದ್ದರೂ ಯಾರಿಗೂ ನೆನಪಿರುವುದಿಲ್ಲ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಬಾಲ್ಯದ ಲಸಿಕೆಗಳ ರಕ್ಷಣೆಯೂ ಬಹುಮಟ್ಟಿಗೆ ಅಳಿದು, ತಿಂಗಳುಗಳ ಲೆಕ್ಕದಲ್ಲಿ ಮತ್ತೆ ಮೊದಲಿಂದ ಹಾಕಿಸಬೇಕಿರುತ್ತದೆ. ದಡಾರದ್ದು ಎರಡು ವರ್ಷ ಕಳೆದ ಮೇಲೆ, ಅದೂ ಎಲ್ಲ ಸರಿಯಿದ್ದರೆ.

ಆದ್ದರಿಂದ ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಮೂರು ಸಾಲು ಸಾಕು: ಯಾವ ಲಸಿಕೆ ಯಾವ ತಿಂಗಳು, ಯಾವುದು ಸದ್ಯಕ್ಕೆ ನಿಷಿದ್ಧ, ಮನೆಯವರು ಯಾವುದನ್ನು ಹಾಕಿಸಿಕೊಳ್ಳಬೇಕು. ವೈದ್ಯರಿಗೆ ಹೊತ್ತಿಲ್ಲದಿದ್ದರೆ ಅದನ್ನು ಕೀಮೋ ವಾರ್ಡಿನ ಸಿಸ್ಟರ್ ಬರೆದುಕೊಡಬಹುದು, ಊರಿನ ಆಶಾಗೂ ಅದನ್ನೇ ತೋರಿಸಬಹುದು. ಹಿಂಜರಿಯುವ ರೋಗಿಗೆ ಉಪದೇಶ ಬೇಕಿಲ್ಲ, ಅವನ ಪ್ರಶ್ನೆಯಲ್ಲಿ ಅರ್ಧ ಉತ್ತರ ಆಗಲೇ ಇದೆ. ಉಳಿದರ್ಧ ಒಂದು ತಾರೀಕು, ಅದನ್ನು ಬರೆದುಕೊಡದೆ ರೋಗಿಯನ್ನು ಮನೆಗೆ ಕಳಿಸಬಾರದು.